ಹ್ಯಾಂಡಲ್ ಮೇಲಿನ ಸಂಸಾರ

ವಿಶ್ವಾರಾಧ್ಯನ ಗಾಡಿ ಸದ್ದು ಮಾಡುತ್ತಿರಲಿಲ್ಲ. ತಾಪತ್ರಯ ಶುರುವಾದದ್ದು ಅಲ್ಲಿಂದ.

ಅದು ಬ್ಯಾಟರಿ ಗಾಡಿ. ರಾತ್ರಿ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಿಗ್ಗೆ ಓಡುವಂಥದ್ದು. ಆಗಿನ್ನೂ ಶಿವಮೊಗ್ಗದಲ್ಲಿ ಅಂಥವು ಅಪರೂಪ. ರಾಗಿಗುಡ್ಡದ ಕಡೆಗಂತೂ ಅದೇ ಮೊದಲನೆಯದು. ಗಾಂಧಿ ಬಜಾರಿನ ಕನ್ನಡಕದ ಅಂಗಡಿಯೊಂದರಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದ ವಿಶ್ವಾರಾಧ್ಯ ಅದನ್ನು ಕೊಂಡದ್ದು ಹೆಂಡತಿಗಾಗಿ. ಬಸವರಾಜೇಶ್ವರಿ ದುರ್ಗಿಗುಡಿಯ ಶಿಶುವಿಹಾರದಲ್ಲಿ ಟೀಚರ್. ದಿನಾ ಸಿಟಿ ಬಸ್ಸಿನಲ್ಲಿ ಒಂಟಿಕಾಲಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದಳು. ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿ, ಶಾಲೆಯ ಗೇಟಿನ ಮುಂದೆ ಎಲ್ಲರೂ ನೋಡುವಂತೆ ಇಳಿಸಬೇಕು. ಅವನ ಆಸೆ ಇಷ್ಟೇ.

ಮೊದಲ ದಿನ ಅವಳು ಕೂತಳು. ಬೀದಿಯ ಕೊನೆಯ ಹಂಪ್ ದಾಟಿದ್ದೇ ಇಳಿದಳು.

"ಸದ್ದೇ ಇಲ್ಲ ಕಣ್ರೀ ಇದಕ್ಕೆ. ಜೀವ ಇಲ್ಲದ್ದರ ಮೇಲೆ ಕೂತ ಹಂಗಾಗುತ್ತೆ," ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟಳು.

ವಿಶ್ವಾರಾಧ್ಯ ವಾದ ಮಾಡುವವನಲ್ಲ, ರಿಪೇರಿ ಮಾಡುವವನು. ಅದೇ ಸಂಜೆ ಹ್ಯಾಂಡಲಿಗೆ ಒಂದು ಹಾರನ್ ಕೂರಿಸಿದ. ಅದು ಹತ್ತು ಥರ ಕೂಗುತ್ತಿತ್ತು. ಒಮ್ಮೆ ಕೋಳಿಯಂತೆ, ಒಮ್ಮೆ ಆಂಬ್ಯುಲೆನ್ಸಿನಂತೆ, ಒಮ್ಮೆ ಹಸುಗೂಸು ಅತ್ತಂತೆ. ಬಸವರಾಜೇಶ್ವರಿ ಕೇಳಿಸಿಕೊಂಡು, "ಬಿಸಿಲಿನಲ್ಲಿ ಹೆಂಗ್ರೀ ಹೋಗೋದು ಇದರ ಮೇಲೆ?" ಎಂದಳು. ಮರುದಿನ ಹ್ಯಾಂಡಲಿನ ನಡುವೆ ಒಂದು ಕಂಬ ಎದ್ದಿತು, ಕಂಬದ ಮೇಲೆ ಛತ್ರಿ ಅರಳಿತು. "ಸೆಖೆ," ಎಂದಳು. ಅಂಗೈಯಗಲದ ಫ್ಯಾನು ಬಂತು. "ಹಿಂದಿನಿಂದ ಯಾವ ಲಾರಿ ಬರುತ್ತೋ," ಎಂದಳು. ಇದ್ದ ಎರಡು ಕನ್ನಡಿಗಳ ಜೊತೆಗೆ ಇನ್ನೆರಡು ಬಂದವು. "ಶಾಲೆಗೆ ಹೊತ್ತಾಗುತ್ತೆ," ಎಂದದ್ದಕ್ಕೆ ಗಡಿಯಾರ, "ದಾರಿ ಬೇಜಾರು," ಎಂದದ್ದಕ್ಕೆ ರೇಡಿಯೊ, "ಕತ್ತಲಾದ್ರೆ ಯಾರಿಗೂ ಕಾಣಲ್ಲ," ಎಂದದ್ದಕ್ಕೆ ಮಿಣಮಿಣ ಎನ್ನುವ ಕೆಂಪು ನೀಲಿ ಸೀರಿಯಲ್ ಸೆಟ್. ಕೊನೆಗೆ, "ಒಂದು ದೇವರೂ ಇಲ್ವಲ್ರೀ," ಎಂದಾಗ ಹೊಟ್ಟೆಯೊಳಗೆ ಬಲ್ಬು ಉರಿಯುವ ಪ್ಲಾಸ್ಟಿಕ್ ನಂದಿ ಬಂದು ಎಲ್ಲದರ ಮಧ್ಯೆ ಕೂತಿತು. ಹೀಗೆ ಅವಳ ಒಂದೊಂದು ತಕರಾರೂ ಹ್ಯಾಂಡಲ್ ಮೇಲೆ ಒಂದೊಂದು ಸಾಮಾನಾಗಿ ಸೇರಿಕೊಂಡಿತು. ಕನ್ನಡಕದ ಸ್ಕ್ರೂ ತಿರುಗಿಸಿ ಪಳಗಿದ ಕೈ. ಎಲ್ಲವೂ ಅಳ್ಳಾಡದಂತೆ ಗಟ್ಟಿಯಾಗಿ ಕೂತಿದ್ದವು.

ಅವಳು ಮಾತ್ರ ಕೂರಲಿಲ್ಲ.

ಆ ಹ್ಯಾಂಡಲನ್ನು ಕಂಡು ಯಾರೂ ನಗುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನಗುವುದಕ್ಕೆ ಮೊದಲು ಬಾಯಿ ತೆರೆಯಬೇಕು. ತೆರೆದ ಬಾಯಿ ಹಾಗೇ ಉಳಿಯುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವರು ಹಸಿರು ದೀಪ ಬಂದರೂ ಹೋಗುತ್ತಿರಲಿಲ್ಲ. ದೊಡ್ಡ ದೊಡ್ಡ ಕಾರಿನವರು ಗಾಜು ಇಳಿಸಿ ನೋಡುತ್ತಿದ್ದರು. ಸ್ವತಃ ವಿಶ್ವಾರಾಧ್ಯನೂ ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಕ್ಷಣ ಹಾಗೇ ನಿಂತುಬಿಡುತ್ತಿದ್ದ. ತಾನು ಮಾಡಿದ್ದೇ ಆದರೂ, ಇಷ್ಟೆಲ್ಲ ಒಂದು ಕೊಳವೆಯ ಮೇಲೆ ಹೇಗೆ ನಿಂತಿದೆ ಎಂಬುದು ಅವನಿಗೇ ಬೆರಗು.

ಬೆರಗಾಗದ ಒಬ್ಬನೇ ಮನುಷ್ಯ ಅವನ ಮಾವ ಷಡಕ್ಷರಪ್ಪ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಅವರು ಕಾಗದನಗರದಲ್ಲೇ ಇದ್ದರು. ದೊಡ್ಡ ಯಂತ್ರಗಳ ನಡುವೆ ಬಾಳಿದವರು. ಗಾಡಿಯನ್ನು ಒಮ್ಮೆ ಸುತ್ತಿ ನೋಡಿ, "ಮಿಕ್ಸಿಗೆ ಚಕ್ರ ಹಾಕಿದ್ದಾರೆ," ಎಂದಿದ್ದರು.

ಆಯುಧಪೂಜೆಗೆ ಕಾಗದನಗರದ ಒಂದು ಯುವಕ ಸಂಘ ವಾಹನ ಅಲಂಕಾರ ಸ್ಪರ್ಧೆ ಇಟ್ಟಿತು. ಬಹುಮಾನ ಕೊಡುವವರು ಷಡಕ್ಷರಪ್ಪ. ಸುದ್ದಿ ಕೇಳಿದ ವಿಶ್ವಾರಾಧ್ಯನ ಕಣ್ಣು ಅವನ ಸೀರಿಯಲ್ ಸೆಟ್ಟಿನಂತೆ ಮಿನುಗಿತು.

ಹಬ್ಬದ ಬೆಳಿಗ್ಗೆ ಬಸವರಾಜೇಶ್ವರಿ ತವರಿಗೆ ಮೊದಲ ಬಸ್ಸಿಗೇ ಹೊರಟು ನಿಂತಿದ್ದಳು. ಗಂಡ ಗಾಡಿ ತೊಳೆಯುತ್ತಿದ್ದ.

"ಪ್ರೈಜ್ ಬಂದ್ರೆ ಕೂರ್ತೀಯಾ?" ಎಂದು ಕೇಳಿದ.

ಪಕ್ಕದ ಮನೆಯ ವಿಮಲಾ ರಂಗೋಲಿ ಬಿಡುವುದನ್ನು ನಿಲ್ಲಿಸಿದಳು. ಎದುರು ಮನೆಯ ನಿವೃತ್ತ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿ ಹೂ ಕೊಯ್ಯುತ್ತಿದ್ದವರು ಕತ್ತು ಉದ್ದ ಮಾಡಿದರು.

"ಫಸ್ಟ್ ಪ್ರೈಜ್ ಬರ್ಲಿ ನೋಡಣ," ಎಂದಳು ಬಸವರಾಜೇಶ್ವರಿ. "ಯಾವ ಗಾಡಿಗೆ ಫಸ್ಟ್ ಪ್ರೈಜ್ ಬರುತ್ತೋ ಅದರಲ್ಲೇ ಮನೆಗೆ ಬರ್ತೀನಿ. ಮೇಷ್ಟ್ರೇ, ನೀವೇ ಸಾಕ್ಷಿ."

"ಆಗ್ಲಮ್ಮ," ಎಂದರು ಮೇಷ್ಟ್ರು. "ಆದ್ರೆ ಮಾತಿಗೆ ತಪ್ಪಬಾರದು."

"ನಮ್ಮ ಮನೇಲಿ ಮಾತಿಗೆ ತಪ್ಪೋ ಅಭ್ಯಾಸ ಇಲ್ಲ," ಎಂದು ಅವಳು ಚೀಲ ಹೆಗಲಿಗೇರಿಸಿ ಹೊರಟಳು.

ಸಾಕ್ಷಿಯಾದವರು ಸುಮ್ಮನೆ ಇರಲು ಸಾಧ್ಯವಿಲ್ಲ. ನರಸಿಂಹಮೂರ್ತಿಗಳು ಪಂಚೆ ಮೇಲೆ ಕಟ್ಟಿ ಬಂದರು. "ಬರೀ ಇಷ್ಟಕ್ಕೆ ಫಸ್ಟ್ ಪ್ರೈಜ್ ಬರೋಲ್ಲ ಮಾರಾಯ, ಬಾಳೆಕಂದು ಇಲ್ಲದೆ ಆಯುಧಪೂಜೆ ಏನು?" ಎಂದು ತಮ್ಮ ಹಿತ್ತಿಲಿನಿಂದ ಆಳೆತ್ತರದ ಎರಡು ಬಾಳೆಕಂದು ತಂದು ಹ್ಯಾಂಡಲಿನ ಎರಡೂ ತುದಿಗೆ ಬಿಗಿದರು. ವಿಮಲಾ ಚೆಂಡುಹೂವಿನ ಹಾರ ತಂದಳು. ಹ್ಯಾಂಡಲ್ ಮೇಲೆ ಜಾಗ ಸಾಲದೆ ನಂದಿಯ ಕೊಂಬಿಗೂ ಫ್ಯಾನಿನ ಕತ್ತಿಗೂ ಸುತ್ತಿದಳು.

"ಅಣ್ಣಾ, ನಿಂಬೆಹಣ್ಣು ಚಕ್ರದ ಕೆಳಗಿಟ್ಟಿದ್ದೀನಿ. ಸ್ಟಾರ್ಟ್ ಮಾಡಿ," ಎಂದಳು.

"ಸ್ಟಾರ್ಟ್ ಆಗಿದೆ."

"ಎಲ್ಲಿ? ಸದ್ದೇ ಬರ್ಲಿಲ್ಲ!"

"ಸದ್ದು ಬರಲ್ಲ ವಿಮಲಾ. ಕೀ ತಿರುಗಿಸಿದ್ರೆ ಆಯ್ತು."

"ಹೌದೇನೋ? ನೋಡಣ," ಎಂದು ನರಸಿಂಹಮೂರ್ತಿಗಳು ನಂಬಿಕೆ ಬಾರದೆ ಬಲಗಡೆಯ ಹಿಡಿಕೆಯ ಮೇಲೆ ಕೈಯೂರಿ ಬಗ್ಗಿದರು. ಹಿಡಿಕೆ ತಿರುಗಿತು. ಗಾಡಿ ಒಂದು ಮಾತೂ ಆಡದೆ, ಒಂದು ಉಸಿರೂ ಬಿಡದೆ, ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಮುಂದಕ್ಕೆ ನುಗ್ಗಿತು. ಎದುರಿಗೆ ಬೂದುಗುಂಬಳಕಾಯಿ ಹಿಡಿದು, ಅದರ ಹೊಟ್ಟೆಗೆ ಕುಂಕುಮ ತುಂಬಿಕೊಂಡು ವಿಶ್ವಾರಾಧ್ಯ ನಿಂತಿದ್ದ. ನಂದಿ ಕುಂಬಳಕಾಯಿಗೆ ಗುದ್ದಿತು. ಕುಂಬಳಕಾಯಿ ಒಡೆಯಿತು. ಕುಂಕುಮವೆಲ್ಲ ವಿಶ್ವಾರಾಧ್ಯನ ಮುಖಕ್ಕೂ ಹೊಸ ಬಿಳಿ ಅಂಗಿಗೂ ಸಿಡಿಯಿತು. ಅವನು ಗೋಡೆಗೆ ಒರಗಿ ಹೇಗೋ ಗಾಡಿಯನ್ನು ತಬ್ಬಿ ಹಿಡಿದ.

ಮೇಷ್ಟ್ರು ಕೈ ಹಾಗೇ ಮುಂದೆ ಚಾಚಿಕೊಂಡು ನಿಂತಿದ್ದರು. "ಪುಷ್ಪಕ ವಿಮಾನ ಹೀಗೇ ಹೋಗ್ತಿತ್ತು ಅಂತ ಕಾಣುತ್ತೆ ಮಾರಾಯ," ಎಂದರು, ತುಂಬ ಮೆಲ್ಲಗೆ. ತಪ್ಪು ತಮ್ಮದು ಎಂಬುದು ಅವರಿಗೆ ಹೊಳೆದಂತಿರಲಿಲ್ಲ.

"ಅಣ್ಣಾ, ದೃಷ್ಟಿ ತೆಗೆದ ಹಂಗೆ ಆಯ್ತು ಬಿಡಿ," ಎಂದಳು ವಿಮಲಾ.

ಇದ್ದುದೊಂದೇ ಹಬ್ಬದ ಅಂಗಿ. ವಿಶ್ವಾರಾಧ್ಯ ಅದೇ ವೇಷದಲ್ಲಿ ಹೊರಟ.

ಬೀದಿಯ ಕೊನೆಯಲ್ಲಿ ಎರಡನೆಯ ಸಂಗತಿ ಗೊತ್ತಾಯಿತು. ಹ್ಯಾಂಡಲ್ ಎಡಕ್ಕೆ ತಿರುಗುತ್ತಿರಲಿಲ್ಲ. ಎಡಗಡೆಯ ಬಾಳೆಕಂದಿನ ಬುಡ ಗಾಡಿಯ ಮುಂದಿನ ತಗಡಿಗೆ ತಾಗಿ ನಿಲ್ಲುತ್ತಿತ್ತು. ಎಡಕ್ಕೆ ಹೋಗಬೇಕಾದಲ್ಲೆಲ್ಲ ಅವನು ಇಳಿದು, ಮುಂದಿನ ಚಕ್ರವನ್ನು ಎತ್ತಿ, ಹಟಮಾರಿ ಕರುವಿನ ಮೂತಿ ತಿರುಗಿಸಿದಂತೆ ತಿರುಗಿಸಿ, ಮತ್ತೆ ಹತ್ತಬೇಕಿತ್ತು. ಹಾಗೆ ಹತ್ತಿ ಇಳಿದು ಭದ್ರಾವತಿ ರಸ್ತೆಗೆ ಬೀಳುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹಿಂದಿನ ರಾತ್ರಿ ಕರೆಂಟು ಬಂದು ಹೋಗಿ ಮಾಡಿದ್ದರಿಂದ ಬ್ಯಾಟರಿಯೂ ತುಂಬಿರಲಿಲ್ಲ. ಆದರೆ ದಾರಿಯುದ್ದಕ್ಕೂ ಹೂ ಮುಡಿದ ಲಾರಿಗಳು, ಬಸ್ಸುಗಳು ಇವನನ್ನು ಕಂಡು ವೇಗ ತಗ್ಗಿಸುತ್ತಿದ್ದವು. ಒಬ್ಬ ಲಾರಿ ಡ್ರೈವರ್ ಎರಡೂ ಕೈ ಸ್ಟೇರಿಂಗಿನಿಂದ ತೆಗೆದು ಮುಗಿದ. ಮೇಲಿದ್ದ ನಂದಿಗೋ ಕೆಳಗಿದ್ದ ಹ್ಯಾಂಡಲಿಗೋ ಹೇಳುವುದು ಕಷ್ಟ.

ನಿದಿಗೆಯಲ್ಲಿ ಎಳನೀರು ಕುಡಿಯಲು ನಿಲ್ಲಿಸಿದ್ದೇ ತಪ್ಪಾಯಿತು. ಮಚ್ಚು ಎತ್ತಿದ ಎಳನೀರಿನವನು ಅದನ್ನು ಇಳಿಸುವುದನ್ನೇ ಮರೆತ. ಅಂಗಡಿಗಳಿಂದ ಜನ ಎದ್ದು ಬಂದರು.

"ಏನ್ ಸಾರ್ ಇದು?"

"ಬ್ಯಾಟರಿ ಗಾಡಿ."

"ಇದೆಲ್ಲ ಕೆಲಸ ಮಾಡುತ್ತಾ ಸಾರ್, ಸುಮ್ನೆ ಶೋಗಾ?"

ಸುಮ್ಮನೆ ಶೋಗಾ ಎಂದು ಕೇಳಿಸಿಕೊಂಡು ಸುಮ್ಮನಿರಲು ವಿಶ್ವಾರಾಧ್ಯ ಕಲ್ಲಲ್ಲ. ಒಂದೊಂದೇ ಗುಂಡಿ ಒತ್ತಿದ. ಫ್ಯಾನು ತಿರುಗಿತು, ರೇಡಿಯೊ ಹಾಡಿತು, ನಂದಿಯ ಹೊಟ್ಟೆ ಬೆಳಗಿತು, ಛತ್ರಿಯ ಅಂಚಿನಲ್ಲಿ ಕೆಂಪು ನೀಲಿ ಓಡಾಡಿತು. ಮುದುಕನೊಬ್ಬ ಬೀಡಿ ಆರಿದ್ದು ಗೊತ್ತಾಗದೆ ಎಳೆಯುತ್ತಲೇ ಇದ್ದ.

"ಸಾರ್," ಎಂದು ಒಬ್ಬ ದನಿ ತಗ್ಗಿಸಿ ಕೇಳಿದ, "ಇದು ಹಾರುತ್ತಾ?"

ವಿಶ್ವಾರಾಧ್ಯ ತಕ್ಷಣ ಇಲ್ಲ ಎನ್ನಲಿಲ್ಲ. ಹಾಗೆ ಕೇಳಿಸಿಕೊಳ್ಳುವ ಸುಖ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ?

ಆ ಹೊತ್ತಿಗೆ ಊರಿನ ಬೀಡಾಡಿ ಹೋರಿಯೊಂದು ಬಂದು, ನಂದಿಯ ಮೈ ಬಣ್ಣ, ಕೊಂಬು, ಒಳಗಿನ ಬಲ್ಬು ಯಾವುದನ್ನೂ ಲೆಕ್ಕಿಸದೆ, ಎಡಗಡೆಯ ಬಾಳೆಕಂದಿಗೆ ಬಾಯಿ ಹಾಕಿತು.

"ಹೇ! ಹೇ! ಹಚಾ!" ಎಂದ ವಿಶ್ವಾರಾಧ್ಯ.

"ಹಾರನ್ ಹೊಡೀರಿ ಸಾರ್!" ಎಂದಿತು ಗುಂಪು.

ಹೊಡೆದ. ಅವಸರದಲ್ಲಿ ಬಿದ್ದದ್ದು ಹಸುಗೂಸಿನ ಅಳು. ಹೋರಿ ಬೆಚ್ಚಿ ಕತ್ತು ಕೊಡವಿತು. ಬಾಳೆಕಂದು ಕಿತ್ತು ಬಂತು. ಅದರ ಜೊತೆ ಹಾರ ಬಂತು, ಹಾರದ ಜೊತೆ ಗುಂಡಿಗಳ ಡಬ್ಬಿ ಬಂತು. ಎಲ್ಲವನ್ನೂ ಕೊಂಬಿಗೆ ಸುತ್ತಿಕೊಂಡು ಹೋರಿ ಮದುವಣಿಗನಂತೆ ಓಡಿಹೋಯಿತು.

ಡಬ್ಬಿ ಹೋದ ಮೇಲೆ ಆರಿಸುವುದು ಹೇಗೆ? ತುಂಡಾದ ವೈರುಗಳು ಒಂದಕ್ಕೊಂದು ತೆಕ್ಕೆ ಬಿದ್ದು, ದೀಪ, ಫ್ಯಾನು, ರೇಡಿಯೊ ಎಲ್ಲವೂ ಏಕಕಾಲಕ್ಕೆ ಚಾಲೂ ಆಗಿದ್ದವು. ಕೀ ತೆಗೆದರೂ ನಿಲ್ಲಲಿಲ್ಲ. ಇವನ್ನೆಲ್ಲ ಅವನೇ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದ. ಒಂದು ಲಾಭವಾಯಿತು. ಹ್ಯಾಂಡಲ್ ಈಗ ಎಡಕ್ಕೆ ಸಲೀಸಾಗಿ ತಿರುಗುತ್ತಿತ್ತು. ಕನ್ನಡಿಯ ಕಡ್ಡಿ ಸೊಟ್ಟಗಾಗಿ ಅದೇ ತಗಡಿಗೆ ತಾಗುತ್ತಿದ್ದರಿಂದ ಬಲಕ್ಕೆ ತಿರುಗುತ್ತಿರಲಿಲ್ಲ.

ಮಾಚೇನಹಳ್ಳಿ ದಾಟಿ ಸ್ವಲ್ಪ ದೂರಕ್ಕೆ ಬ್ಯಾಟರಿ ಕೈಕೊಟ್ಟಿತು. ಮೊದಲು ಚಕ್ರ ನಿಂತಿತು. ಆಮೇಲೆ ಫ್ಯಾನು ನಿಧಾನವಾಯಿತು. ರೇಡಿಯೊದ ಗಾಯಕಿ ನಿದ್ದೆ ಬಂದವಳಂತೆ ಎಳೆದೆಳೆದು ಹಾಡಿ ಸುಮ್ಮನಾದಳು. ಕೊನೆಗೆ ನಂದಿಯ ಹೊಟ್ಟೆ ಕತ್ತಲಾಯಿತು.

ವಿಶ್ವಾರಾಧ್ಯ ರಸ್ತೆಯ ಪಕ್ಕದಲ್ಲಿ ನಿಂತು ಹ್ಯಾಂಡಲನ್ನೇ ನೋಡಿದ. ಅದರ ಮೇಲೆ ಗಡಿಯಾರವಿತ್ತು, ಛತ್ರಿಯಿತ್ತು, ನಾಲ್ಕು ಕನ್ನಡಿಯಿತ್ತು. ನಾಲ್ಕರಲ್ಲೂ ಕುಂಕುಮ ಬಳಿದುಕೊಂಡ ಒಬ್ಬೊಬ್ಬ ಮೂರ್ಖ ಕಾಣುತ್ತಿದ್ದ. ಅವಳು ಈ ಹೊತ್ತಿಗೆ ತವರಿನ ಜಗಲಿಯಲ್ಲಿ ಕೂತು ಎಲ್ಲರಿಗೂ ಹೇಳಿ ನಗುತ್ತಿರಬಹುದು. ಸ್ಪರ್ಧೆಗೆ ಮುಟ್ಟದಿದ್ದರೆ ಈ ಜನ್ಮದಲ್ಲಿ ಹಿಂದಿನ ಸೀಟು ತುಂಬುವುದಿಲ್ಲ.

ಆಗ ಬಡಬಡ ಸದ್ದು ಮಾಡುತ್ತ ಒಂದು ಗೂಡ್ಸ್ ಆಟೋ ಬಂತು. ಅದರ ಮೂತಿಗೂ ಒಂದು ಹಾರ, ಹಿಂದಿನ ತೊಟ್ಟಿಯ ನಾಲ್ಕು ಮೂಲೆಗೂ ಬಾಳೆಕಂದು. ಓಡಿಸುತ್ತಿದ್ದವನು ನರೆತ ಮೀಸೆಯ ಹಿರಿಯ. ಇಳಿದು ಬಂದು, ಗಾಡಿಗೆ ಒಂದು ಸುತ್ತು ಹಾಕಿ, ತಲೆಯ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಸ್ವಾಮಿ, ಇದು ದೇವಸ್ಥಾನದ್ದಾ?"

"ಅಲ್ಲಪ್ಪ, ನಂದೇ. ಚಾರ್ಜ್ ಹೋಗಿದೆ. ಕಾಗದನಗರಕ್ಕೆ ಹೋಗ್ಬೇಕು, ಕಾಂಪಿಟೇಷನ್ ಇದೆ."

"ನಾನೂ ಅಲ್ಲಿಯವನೇ. ಜಂಬಣ್ಣ ಅಂತ. ಹತ್ಸಿ, ಹೋಗಣ."

ಇಬ್ಬರೂ ಸೇರಿ ಗಾಡಿಯನ್ನು ತೊಟ್ಟಿಗೆ ಏರಿಸಿದರು. "ಹಗ್ಗ ಎಲ್ಲ ಬಾಳೆಕಂದಿಗೆ ಹೋಯ್ತು ಸ್ವಾಮಿ. ನೀವೇ ಮೇಲೆ ಕೂತು ಎರಡೂ ಕಡೆ ಕಾಲು ಊರ್ಕಳಿ. ಬೀಳದಂಗೆ ಹ್ಯಾಂಡ್ಲು ಗಟ್ಟಿ ಹಿಡೀರಿ," ಎಂದ ಜಂಬಣ್ಣ. ಆಮೇಲೆ ಜೋಲಾಡುತ್ತಿದ್ದ ವೈರುಗಳನ್ನು ನೋಡಿ, "ಇದಕ್ಕೆ ನನ್ನ ಬ್ಯಾಟರಿ ಕೊಟ್ಟು ನೋಡಣ್ವಾ?" ಎಂದ. ಕೊಟ್ಟ. ಚಕ್ರಕ್ಕೆ ಆ ಶಕ್ತಿ ಎಲ್ಲೂ ಸಾಲಲಿಲ್ಲ. ಆದರೆ ಹ್ಯಾಂಡಲ್ ಮೇಲಿದ್ದುದೆಲ್ಲ ಒಮ್ಮೆಲೇ ಎದ್ದು ಕೂತಿತು. ನಂದಿ ಹಿಂದೆಂದೂ ಇಲ್ಲದಷ್ಟು ಪ್ರಕಾಶವಾಗಿ ಬೆಳಗಿತು.

ಜಂಬಣ್ಣ ಚಪ್ಪಲಿ ಬಿಟ್ಟು ಕೈಮುಗಿದ.

ಭದ್ರಾವತಿಯ ಪೇಟೆಯೊಳಗೆ ಹೋಗುವಾಗ ಅಂಗಡಿಗಳ ಮಹಡಿಯಿಂದ ಜನ ಬಗ್ಗಿ ನೋಡಿದರು. ಸೇತುವೆಯ ಮೇಲೆ ಎದುರಿನ ಬಸ್ಸು ನಿಂತು ದಾರಿ ಬಿಟ್ಟಿತು. "ಎನ್ನ ಇದು, ತೇರಾ?" ಎಂದು ಹೂ ಮಾರುವವಳೊಬ್ಬಳು ಪಕ್ಕದವಳನ್ನು ತಮಿಳಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಕೇಳಿ, ಉತ್ತರಕ್ಕೆ ಕಾಯದೆ ಒಂದು ಹಿಡಿ ಸೇವಂತಿಗೆ ಎಸೆದಳು.

ಕಾಗದನಗರದ ಮೈದಾನದಲ್ಲಿ ವಾಹನಗಳು ಸಾಲಾಗಿ ನಿಂತಿದ್ದವು. ಗೇಟಿನಲ್ಲಿದ್ದ ಕಾರ್ಯಕರ್ತ ಒಂದು ಸಂಖ್ಯೆಯ ಚೀಟಿಗೆ ಅಂಟು ಬಳಿದು ಎದುರು ಸಿಕ್ಕ ಗಾಜಿಗೆ ಅಂಟಿಸಿದ. ಅದು ಆಟೋದ ಗಾಜು. ತನ್ನ ಗಾಡಿಗೆ ಅಂಟಿಸಲು ಹ್ಯಾಂಡಲ್ ಮೇಲೆ ಜಾಗವಿಲ್ಲವಲ್ಲ, ಅದಕ್ಕೇ ಅಲ್ಲಿ ಅಂಟಿಸಿದ ಎಂದುಕೊಂಡ ವಿಶ್ವಾರಾಧ್ಯ.

"ಜಂಬಣ್ಣೋರೇ, ಇಳಿಸ್ಬಿಡಣ ಬನ್ನಿ," ಎಂದು ಕೂಗಿದ.

"ಯಾರೂ ಇಳೀಬೇಡಿ! ತೀರ್ಪುಗಾರರು ಬಂದ್ರು!" ಎಂದು ಮೈಕು ಅಬ್ಬರಿಸಿತು.

ತೀರ್ಪುಗಾರರು ಅಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಶೇಷಪ್ಪ. ಸಾಲಿನುದ್ದಕ್ಕೂ ಮೂಗು ಮುರಿಯುತ್ತ ಬಂದರು. ಆಟೋದ ಮುಂದೆ ಬಂದದ್ದೇ ನಿಂತರು. ಕನ್ನಡಕ ಮೇಲೇರಿಸಿದರು. ಮತ್ತೆ ಇಳಿಸಿದರು. ಅವರ ಹಿಂದಿದ್ದ ಜನರ ಗಲಾಟೆ ತಾನಾಗಿ ಅಡಗಿತು. ಸಂಜೆಯ ಮಬ್ಬಿನಲ್ಲಿ ಛತ್ರಿಯ ಕೆಳಗೆ ಕೆಂಪು ನೀಲಿ ಬೆಳಕು, ಬೆಳಗುವ ನಂದಿ, ನಾಲ್ಕು ಕನ್ನಡಿಗಳಲ್ಲಿ ನಾಲ್ಕು ಮಡಿಯಾದ ದೀಪಗಳು, ಅದರ ಹಿಂದೆ ಮೈಯೆಲ್ಲ ಕುಂಕುಮ ಬಳಿದುಕೊಂಡು ಹ್ಯಾಂಡಲ್ ಹಿಡಿದು ಕೂತ ಮನುಷ್ಯ. ನಿಜ ಹೇಳಬೇಕೆಂದರೆ, ಅದನ್ನು ಕಂಡು ಸುಮ್ಮನೆ ಮುಂದೆ ಹೋಗುವವನಿಗೆ ಕಣ್ಣಿರಲಿಲ್ಲ ಎಂದೇ ಅರ್ಥ.

"ನಾನು ಶಿವಮೊಗ್ಗದಿಂದ..." ಎಂದು ವಿಶ್ವಾರಾಧ್ಯ ಶುರು ಮಾಡಿದ.

"ಶ್!" ಎಂದರು ಶೇಷಪ್ಪ. "ಮಾತಾಡ್ಬೇಡಿ. ಸ್ತಬ್ಧಚಿತ್ರ ಅಂದ್ರೆ ಸ್ತಬ್ಧವಾಗಿರ್ಬೇಕು. ಅಲ್ಲಾಡಿದ್ರೆ ಮಾರ್ಕ್ಸ್ ಹೋಗುತ್ತೆ."

ಮಾರ್ಕ್ಸ್ ಎಂಬ ಮಾತು ಕೇಳಿದ್ದೇ ವಿಶ್ವಾರಾಧ್ಯ ಕಂಬವಾದ. ಮೂಗಿನ ಮೇಲೆ ನೊಣ ಕೂತಿತು. ಬಿಟ್ಟ. ಬೆವರು ಕಣ್ಣಿಗಿಳಿಯಿತು. ರೆಪ್ಪೆ ಬಡಿಯಲಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಮಾವ ಕೂತಿದ್ದರು. ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಅವರ ಹಿಂದೆ ಬಸವರಾಜೇಶ್ವರಿ ಎದ್ದು ನಿಂತಿದ್ದಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಅಷ್ಟು ಸಾಕಾಗಿತ್ತು ಅವನಿಗೆ.

"ಗಾಡಿ ಯಾರದ್ದು?" ಎಂದು ಶೇಷಪ್ಪ ಕೆಳಗೆ ಕೇಳಿದರು.

"ನಂದೇ ಸಾರ್," ಎಂದ ಜಂಬಣ್ಣ, ಆಟೋದ ಬಾಗಿಲು ತಟ್ಟಿ. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಮೇಲೆ ಕೂತವನಿಗೆ ಕೇಳಿಸಿತು. ಆದರೆ ಮಾತಾಡಿದರೆ ಮಾರ್ಕ್ಸ್ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಮೈಕು ಗಂಟಲು ಸರಿಮಾಡಿಕೊಂಡಿತು. "ಪ್ರಥಮ ಬಹುಮಾನ! ನಮ್ಮ ಕಾಗದನಗರದವರೇ ಆದ ಜಂಬಣ್ಣನವರ ಗೂಡ್ಸ್ ಆಟೋ! ಬ್ಯಾಟರಿ ಗಾಡಿಯ ಅಮೋಘ ಸ್ತಬ್ಧಚಿತ್ರಕ್ಕಾಗಿ!"

ಚಪ್ಪಾಳೆಗೆ ಮೈದಾನದ ಕಾಗೆಗಳು ಎದ್ದವು. ಮೇಲಿದ್ದ ಸ್ತಬ್ಧಚಿತ್ರ ಒಮ್ಮೆಲೇ ಎರಡೂ ಕೈ ಬೀಸಿತು.

"ಸಾರ್! ಸಾರ್! ಇದು ಸ್ತಬ್ಧಚಿತ್ರ ಅಲ್ಲ! ಇದು ನನ್ನ ಗಾಡಿ!"

ಜಂಬಣ್ಣ ಪ್ರಾಮಾಣಿಕ. "ಹೌದು ಸಾರ್," ಎಂದ. "ಮೇಲಿಂದು ಅವರ್ದು. ಕೆಳಗಿಂದು ನಂದು."

ಶೇಷಪ್ಪ ಗಾಡಿಯ ಹಿಂದೆ ಮುಂದೆ ಹುಡುಕಿದರು. "ಗಾಡಿ ಆದ್ರೆ ನಂಬರ್ ಎಲ್ಲಿದೆ?"

"ಇದಕ್ಕೆ ನಂಬರ್ ಬೇಡ ಸಾರ್. ಲೈಸೆನ್ಸೂ ಬೇಡ. ಅದೇ ಇದರ ವಿಶೇಷ!"

"ಇಲ್ಲಿಗೆ ಅದಾಗೇ ಓಡ್ಕೊಂಡು ಬಂತೋ?"

"ಮಾಚೇನಹಳ್ಳಿವರೆಗೂ ಬಂತು ಸಾರ್."

"ಈಗ ಓಡುತ್ತೋ?"

ವಿಶ್ವಾರಾಧ್ಯ ಹ್ಯಾಂಡಲ್ ನೋಡಿದ. "ಈಗ... ಇಲ್ಲ."

"ದೀಪಕ್ಕೆ ಕರೆಂಟು ಎಲ್ಲಿಂದ?"

"ನನ್ನ ಬ್ಯಾಟರಿಯಿಂದ ಸಾರ್," ಎಂದ ಜಂಬಣ್ಣ, ಇದರಲ್ಲೂ ಪ್ರಾಮಾಣಿಕನಾಗಿ.

"ನಂಬರಿಲ್ಲ, ಓಡಲ್ಲ, ಇನ್ನೊಂದು ಗಾಡಿ ಮೇಲೆ ಕೂತು ಅದರದ್ದೇ ಕರೆಂಟು ತಿಂತಿದೆ," ಎಂದು ಶೇಷಪ್ಪ ತೀರ್ಪು ಕೊಟ್ಟರು. "ಹಾಗಾದ್ರೆ ಇದು ಗಾಡಿ ಅಲ್ಲ ಕಣಪ್ಪ. ಇದು ಅಲಂಕಾರ. ನಾನು ನೋಡಿದ್ದರಲ್ಲೇ ಒಳ್ಳೇ ಅಲಂಕಾರ."

ಷಡಕ್ಷರಪ್ಪ ಮೊಳದುದ್ದದ ಕಪ್ಪನ್ನು ಜಂಬಣ್ಣನ ಕೈಗಿಟ್ಟರು. ಆಮೇಲೆ ಆಟೋದ ಮೇಲೆ ಕೂತಿದ್ದ ಅಳಿಯನ ಕಡೆ ನೋಡಿ, "ಅಳಿಯಂದ್ರೇ, ನಾನು ತಪ್ಪು ತಿಳ್ಕೊಂಡಿದ್ದೆ. ಮಿಕ್ಸಿ ಇಷ್ಟು ಚೆನ್ನಾಗಿರಲ್ಲ," ಎಂದರು. ಅವರ ದನಿಯಲ್ಲಿ ಗೇಲಿಯಿರಲಿಲ್ಲ. ವಿಶ್ವಾರಾಧ್ಯನನ್ನು ಅದೇ ಹೆಚ್ಚು ನೋಯಿಸಿತು.

ಚಾರ್ಜಿಲ್ಲದ ಗಾಡಿಯನ್ನೂ ಮಗಳು ಅಳಿಯನನ್ನೂ ರಾಗಿಗುಡ್ಡಕ್ಕೆ ಬಿಟ್ಟು ಬರುವಂತೆ ಮಾವನವರೇ ಜಂಬಣ್ಣನಿಗೆ ಹೇಳಿದರು. ಬಸವರಾಜೇಶ್ವರಿ ಚೀಲ ಹಿಡಿದು ಆಟೋದ ಹತ್ತಿರ ಬಂದಳು. ವಿಶ್ವಾರಾಧ್ಯ ಹಿಂದಿನ ಸೀಟಿನ ಮೇಲಿನ ಹೂ ಸರಿಸಿ, ಕರ್ಚೀಫಿನಿಂದ ಒರೆಸಿ, ಮೇಲಿನಿಂದಲೇ ಕೈ ಚಾಚಿದ.

"ಬಾ ರಾಜಿ. ಈಗಾದ್ರೂ ಕೂರು."

ಅವಳು ಆ ಕೈ ನೋಡಿದಳು. ಹ್ಯಾಂಡಲ್ ನೋಡಿದಳು. ಆಮೇಲೆ ಮುಂದಿನ ಬಾಗಿಲ ಹತ್ತಿರ ಹೋದಳು. ಜಂಬಣ್ಣ ಟವೆಲಿನಿಂದ ಸೀಟು ಕೊಡವಿ ಕೊಟ್ಟ.

"ಏನ್ ಮಾಡ್ಲಿ ಹೇಳಿ," ಎಂದಳು. "ಫಸ್ಟ್ ಪ್ರೈಜ್ ಬಂದ ಗಾಡಿಯಲ್ಲೇ ಬರ್ತೀನಿ ಅಂತ ಮೇಷ್ಟ್ರ ಎದುರಿಗೆ ಹೇಳಿಬಿಟ್ಟಿದ್ದೀನಲ್ರೀ."

ಅಪ್ಪನ ವಯಸ್ಸಿನ ಜಂಬಣ್ಣನ ಪಕ್ಕದಲ್ಲಿ ಅವಳು ಆರಾಮಾಗಿ ಕೂತು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡಳು. ಆಟೋ ಬಡಬಡ ಎಂದು ಹೊರಟಿತು. ಅವಳ ದನಿ ಹಿಂದಿನ ಸಣ್ಣ ಕಿಟಕಿಯಿಂದ ಮೇಲೆ ಕೂತವನಿಗೆ ಕೇಳುತ್ತಿತ್ತು.

"ಜಂಬಣ್ಣೋರೇ, ಇಷ್ಟೇನಾ ನಿಮ್ಮ ಹ್ಯಾಂಡ್ಲು?"

"ಇಷ್ಟೇ ತಾಯಿ. ತಿರುಗ್ಸೋಕೆ ಇನ್ನೇನು ಬೇಕು?"

ಬಸವರಾಜೇಶ್ವರಿ ಆ ಬೋಳು ಹ್ಯಾಂಡಲನ್ನು, ಮಳೆಗಾಲದ ಜೋಗವನ್ನು ಮೊದಲ ಸಲ ನೋಡುವವರಂತೆ, ನೋಡುತ್ತ ಕೂತಳು.

ಮೇಲೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಮಾಚೇನಹಳ್ಳಿಯ ಹತ್ತಿರ ಒಬ್ಬ ಮನುಷ್ಯ ಕುಂಬಳಕಾಯಿ ಚೀಲ ಹೊತ್ತು ಕೈ ಅಡ್ಡ ಹಿಡಿದ. ಜಂಬಣ್ಣ ನಿಲ್ಲಿಸಿದ. ಚೌಡಯ್ಯ ಎಂದು ಹೆಸರು ಹೇಳಿಕೊಂಡ ಅವನು, ನಿದಿಗೆವರೆಗೆ ಎಂದು ತೊಟ್ಟಿ ಹತ್ತಿದ. ಬಾಳೆಕಂದುಗಳ ನಡುವೆ ಕೂರಲು ಜಾಗ ಕಾಣದೆ, ಕೇಳದೆ ಕೊಳ್ಳದೆ, ಗಾಡಿಯ ಹಿಂದಿನ ಸೀಟಿನ ಮೇಲೆ ಕುಂಬಳಕಾಯಿ ಸಮೇತ ಕೂತ. ಇಷ್ಟು ತಿಂಗಳಲ್ಲಿ ಆ ಸೀಟು ಪೂರ್ತಿ ತುಂಬಿದ್ದು ಅದೇ ಮೊದಲು.

ಚೌಡಯ್ಯ ವಿಶ್ವಾರಾಧ್ಯನ ಹೆಗಲ ಮೇಲಿನಿಂದ ಇಣುಕಿ ಬಹಳ ಹೊತ್ತು ನೋಡಿದ. ಫ್ಯಾನು ನೋಡಿದ, ಗಡಿಯಾರ ನೋಡಿದ, ನಂದಿಗೆ ಕೈಮುಗಿದ. "ಅಬ್ಬಬ್ಬಾ," ಎಂದ. ಆಟೋ ಹಂಪಿನ ಮೇಲೆ ಎಗರಿತು. ಅವನು ಅತ್ತಿತ್ತ ಕೈಯಾಡಿಸಿ, ಕೊನೆಗೆ ವಿಶ್ವಾರಾಧ್ಯನ ಅಂಗಿಯ ಕಾಲರನ್ನೇ ಗಟ್ಟಿಯಾಗಿ ಹಿಡಿದ.

"ಎಲ್ಲಾ ನಿಮ್ಮ ಕಡೀಗೇ ಹಾಕ್ಕಂಡಿದ್ದೀರಲ್ಲ ಸಾರ್," ಎಂದ. "ಹಿಂದೆ ಕೂತೋರಿಗೆ ಹಿಡ್ಕಳಕ್ಕೆ ಏನೂ ಇಲ್ಲ."

ಆ ಮಾತು ಸಣ್ಣ ಕಿಟಕಿಯಿಂದ ಮುಂದಿನ ಸೀಟಿಗೂ ಕೇಳಿಸಿತು. ಬಸವರಾಜೇಶ್ವರಿ ಹಿಂದಕ್ಕೆ ತಿರುಗಿ, ಗಾಜಿನ ಮೂಲಕ ಗಂಡನ ಮುಖವನ್ನೇ ನೋಡತೊಡಗಿದಳು.

ವಿಶ್ವಾರಾಧ್ಯನಿಗೆ ಅವಳು ಕಾಣಲಿಲ್ಲ. ಅವನು ಕಣ್ಣು ಕಿರಿದು ಮಾಡಿ, ಹಿಂದೆ ಕೂತವರು ಹಿಡಿದುಕೊಳ್ಳುವಂಥದ್ದೊಂದನ್ನು ಹ್ಯಾಂಡಲ್ ಮೇಲೆ ಎಲ್ಲಿ ಕೂರಿಸಬಹುದು ಎಂದು ಜಾಗ ಹುಡುಕುತ್ತಿದ್ದ.